ಈಲಿ

ಮಂಡ್ಯದ ಪೇಟೆಬೀದಿಯ ಹಿಂದಿನ ಸಂದಿಯಲ್ಲಿ
ನನ್ನಂಗಡಿಗೆ ಬೋರ್ಡಿಲ್ಲ. ಈಲಿ ತುಕ್ಕೋಜಿ ಎಂದರೆ ಸಾಕು,
ಬಾಣಂತಿಮನೆಯ ಹುಡುಗರು ಡಬ್ಬಿ ಹಿಡಿದು ಬರುತ್ತಾರೆ.

ನಲವತ್ತೊಂದು ವರ್ಷ ಹೆಬ್ಬೆರಳೇ ನನ್ನ ತಕ್ಕಡಿ.
ಒತ್ತಿದರೆ ಹೇಳುತ್ತದೆ: ಇದು ಎಳೆಯದು, ಇದು ಬಲಿತದ್ದು,
ಇದು ಗದ್ದೆಬಯಲ ನೀರು ಕುಡಿದು ಹುಳ ಕಟ್ಟಿಕೊಂಡದ್ದು.
ಹಾಳಾದ ಈಲಿ ಬೆರಳಿಗೆ ಮಾತಾಡುವುದಿಲ್ಲ,
ನೆನೆಯದ ಕಡಲೆಯ ಹಾಗೆ ಸುಮ್ಮನಿರುತ್ತದೆ.
ಅದನ್ನು ನಾನು ತೂಗುವುದಿಲ್ಲ.
ಬೀದಿಯ ಕರಿನಾಯಿಗೂ ಹಾಕುವುದಿಲ್ಲ.

ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ
ಅಂಗಿ ಎತ್ತಿಸಿ, ಬಲಗೈ ತಲೆಯ ಹಿಂದೆ ಇಡಿಸಿ
ಪಕ್ಕೆಲುಬಿನ ಸಂದಿಗೆ ತಣ್ಣನೆ ಕಡ್ಡಿಯೊಂದು
ಟಕ್ ಟಕ್ ಎಂದು ಹತ್ತು ಸಲ ತಟ್ಟಿತು.
ಡಾಕ್ಟರಮ್ಮ ಹೇಳಿದರು: ಹತ್ತೊಂಬತ್ತು.
ಏಳರೊಳಗೆ ಇರಬೇಕಿತ್ತಂತೆ.
ಗಟ್ಟಿಯೋ? ಎಂದೆ.
ಕನ್ನಡಕ ತೆಗೆದು ನನ್ನನ್ನೇ ನೋಡಿದರು.
ಗಟ್ಟಿ, ಎಂದರು.

ಹೆಂಡ ಮೂಸಿದವನಲ್ಲ ನಾನು. ರಕ್ತದಲ್ಲಿ ವೈರಸ್ಸಂತೆ,
ಯಾವ ಸೂಜಿಯೋ, ಯಾವ ಕ್ಷೌರದ ಬ್ಲೇಡೋ,
ಮೂವತ್ತು ವರ್ಷದಿಂದ ಬಾಡಿಗೆ ಕೊಡದೆ ಕೂತಿದೆ.
ದಿನಕ್ಕೊಂದು ಬಿಳಿ ಮಾತ್ರೆ, ಇರುವಷ್ಟು ದಿನ.
ಬೀದಿ ನಂಬಲಿಲ್ಲ. 'ಲಿವರ್ರಂತೆ' ಎಂದು ಕಣ್ಣು ಮಿಟುಕಿಸಿ
ಬಾಟಲಿ ಎತ್ತುವ ಹಾಗೆ ಹೆಬ್ಬೆರಳು ಬಾಯಿಗಿಟ್ಟು ತೋರಿಸಿತು.

ಭಾನುವಾರ, ವ್ಯಾಪಾರದ ದಿನವೇ, ಬಾಗಿಲು ಹಾಕಿಸಿ
ಸೋನಾಬಾಯಿ ನನ್ನನ್ನು ದುದ್ದದಾಚೆಯ ಹಳ್ಳಿಗೆ ಎಳೆದೊಯ್ದಳು.
ಚನ್ನಾಜಮ್ಮನ ಜಗಲಿಯ ಮೇಲೆ ಆಗಲೇ ಹದಿನೇಳು ಜನ,
ಮೂವತ್ತನಾಲ್ಕು ಹಳದಿ ಕಣ್ಣು.
ಬರಿಹೊಟ್ಟೆ, ಮೂಡಲ ಮುಖ, ಅರೆದ ಹಸಿರುಂಡೆ, ಕರಿಮೇಕೆ ಹಾಲು.
"ಸೊಪ್ಪಿನ್ ಹೆಸ್ರು ಕೇಳ್ಬೇಡ್ರಪ್ಪ, ಹೇಳುದ್ರೆ ಗುಣ ಹೊಂಟೋಯ್ತದೆ.
ಉಪ್ಪು ಬುಡಿ, ಎಣ್ಣೆ ಬುಡಿ, ಮೂರ್ ತಿಂಗ್ಳು ಬಾಡು ಬುಡಿ."
ನನ್ನ ಕೈಯ ವಾಸನೆ ಹತ್ತಿತೇನೋ,
"ಮಾರ್ಕೊ, ತಿನ್ಬೇಡ" ಎಂದು ಸೇರಿಸಿದಳು.
ದುಡ್ಡು ಮುಟ್ಟಲಿಲ್ಲ. ಎಲೆಅಡಿಕೆ, ಒಂದು ತೆಂಗಿನಕಾಯಿ, ಅಷ್ಟೆ.

ಹೆಸರು ನನಗೇ ಗೊತ್ತಿತ್ತು.
ಕಬ್ಬಿನ ಬದುವಿನಲ್ಲಿ, ನಾಲೆಯ ಏರಿಯಲ್ಲಿ
ಎಲೆಯ ಬೆನ್ನಿಗೆ ಸಾಸಿವೆಯಂಥ ಕಾಯಿ ಕಟ್ಟುವ ನೆಲನೆಲ್ಲಿ.
ಜತೆಗೆ ಗರುಗದ ಕಪ್ಪು ರಸ.
ಮೂರನೆಯದೊಂದು ಕಹಿ ನಾಲಗೆಗೆ ಸಿಕ್ಕಲಿಲ್ಲ,
ಮಧ್ಯಾಹ್ನದ ತನಕ ಗಂಟಲಲ್ಲೇ ಕೂತಿತ್ತು.

ಮೂರು ವಾರಕ್ಕೆ ಹಸಿವಾಯಿತು. ನಿದ್ದೆ ಬಂತು.
ಬಿಳಿ ಮಾತ್ರೆಯ ಡಬ್ಬಿ ಗೂಡಿನಲ್ಲಿ
ಅರಿಸಿನದ ಡಬ್ಬಿಯ ಹಿಂದಕ್ಕೆ, ಇನ್ನೂ ಹಿಂದಕ್ಕೆ ಸರಿಯಿತು.

ಆಮೇಲೆ ಆ ಬನ್ನೂರು ಟಗರು.
ಎರಡು ವರ್ಷ ನಾಲೆಯ ಏರಿಯಲ್ಲೇ ಮೇದದ್ದು, ನಾನೇ ಕಂಡಿದ್ದೆ.
ನೆಲನೆಲ್ಲಿಯೇನು, ಗರುಗವೇನು, ಬಾಯಿತುಂಬ,
ಮೂಡಲ ಪಡುವಲ ನೋಡದೆ, ಹೆಸರು ಕೇಳದೆ.
ಒಂದು ತುಂಡು ಬಾಡು ತಿಂದದ್ದಲ್ಲ.
ಹೊಟ್ಟೆ ಬಗೆದೆ. ಹೆಬ್ಬೆರಳಿಟ್ಟೆ.
ಮಾತಾಡಲಿಲ್ಲ.
"ತೂಗಲ್ವಾ ಅಣ್ಣ?" ಎಂದು ಹುಡುಗ ಡಬ್ಬಿಯ ಮುಚ್ಚಳ ತೆಗೆದೇ ನಿಂತಿದ್ದ.

ಗಿಡವೊಂದನ್ನು ಬೇರುಸಹಿತ ಪೇಪರಿನಲ್ಲಿ ಸುತ್ತಿ
ಮೈಸೂರಿನ ರೈಲು ಹತ್ತಿದೆ.
ಡಾಕ್ಟರಮ್ಮ ನಗಲಿಲ್ಲ. "ಇದಕ್ಕೆ ಹಳೇ ಹೆಸರಿದೆ, ಸುಳ್ಳು ಅನ್ನಲಾರೆ.
ನಿಜ ಅನ್ನೋಕೆ ಲೆಕ್ಕ ಸಾಲದು. ಮೂರನೇದು ಯಾವುದು?
ಹೊಟ್ಟೆಗೆ ಬಿದ್ದದ್ದೆಲ್ಲ, ಮದ್ದೋ ವಿಷವೋ,
ಕೊನೆಗೆ ಅದೇ ಬಾಗಿಲು ತಟ್ಟುತ್ತೆ ತುಕ್ಕೋಜಿ.
ಬಾಗಿಲೇ ಕುಸಿದಿರುವಾಗ ಮುಖ ನೋಡಿ ಒಳಗೆ ಬಿಡಿ.
ಮಾತ್ರೆ ಮಾತ್ರ ನಿಲ್ಲಿಸಬೇಡಿ."

ಮೂರನೆಯದನ್ನು ಕೇಳಲು ಮತ್ತೆ ಆ ಜಗಲಿಗೆ ಹೋದೆ.
ಕೇಳಿದ್ದಕ್ಕೆ ಸಿಟ್ಟಾಗುತ್ತಾಳೆಂದುಕೊಂಡಿದ್ದೆ.
ಚನ್ನಾಜಮ್ಮ ಅರೆಯುವ ಕಲ್ಲು ತೊಳೆಯುತ್ತ ತಗ್ಗಿದ ದನಿಯಲ್ಲಿ,
"ನಮ್ಮತ್ತೆ ನಂಗೂ ಹೇಳ್ನಿಲ್ಲ ಕನಪ್ಪ.
ಗಿಡ ತೋರ್ಸುದ್ಲು, ಅಷ್ಟೇಯ."
ಹಸಿರು ನೀರು ಮೋರಿಗೆ ಇಳಿಯಿತು.
ಇಬ್ಬರೂ ಅದನ್ನೇ ನೋಡಿದೆವು.

ಈಗ ಬಿಳಿ ಡಬ್ಬಿ ಗೂಡಿನ ಮುಂದಿದೆ.
ರಾತ್ರಿ ದೀಪ ಆರಿದ ಮೇಲೆ
ಬಲಪಕ್ಕೆಯ ಕೆಳಗೆ ಹೆಬ್ಬೆರಳಿಟ್ಟು ಒತ್ತುತ್ತೇನೆ.
ಎಷ್ಟೋ ಸಾವಿರ ಈಲಿ ಓದಿದ ಬೆರಳು,
ಚರ್ಮದ ಮೇಲೇ ತಡವರಿಸಿ ವಾಪಸಾಗುತ್ತದೆ.
"ಏನಂತೆ?" ಎನ್ನುತ್ತಾಳೆ ಸೋನಾಬಾಯಿ ಮಗ್ಗುಲಾಗಿ.
ಮಾರ್ಚಿಯಲ್ಲಿ ಮತ್ತೆ ತಟ್ಟುತ್ತಾರಂತೆ, ಎನ್ನುತ್ತೇನೆ.